ಆವುಲಪ್ಪನ ತಡೆ ಬಿದ್ದ ದಾವೆ

ಅಂಬಾಜಿದುರ್ಗದ ತಪ್ಪಲಿನ ಆವುಲಪ್ಪನಿಗೆ ಕೋರ್ಟಿನ ವಾಯಿದೆಯೆಂದರೆ ಮದುವೆ ದಿಬ್ಬಣದ ಸಡಗರ. ಒಗೆದ ಪಂಚೆ, ಕರಿ ಕೋಟು ತೊಟ್ಟು ಮೊದಲ ಬಸ್ಸಿಗೇ ಚಿಂತಾಮಣಿಗೆ ಬಂದು, ಬೀಗ ತೆಗೆಯುವ ಜವಾನನಿಗಿಂತ ಮುಂಚೆ ಕೋರ್ಟಿನ ಜಗಲಿಯಲ್ಲಿ ಕೂತಿರುತ್ತಾನೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟಕ್ಕಾಗಿ, ತೀರಿಹೋದ ಅಣ್ಣನ ಹೆಂಡತಿ ಮುನಿಗಂಗಮ್ಮನ ಮೇಲೆ ಐವತ್ತೆಂಟನೇ ಇಸವಿಯಲ್ಲಿ ಅವನು ಹೂಡಿದ ದಾವೆಗೆ ತಡೆ ಬಿದ್ದು ನಾಲ್ಕು ವರ್ಷ. ಅದು ಇನಾಮು ಜಮೀನು; ಯಾರ ಹೆಸರಿಗೆ ಸೇರಬೇಕೆಂಬ ತಕರಾರು ಕೋಲಾರದಲ್ಲಿ ತೀರುವವರೆಗೆ ಇಲ್ಲಿ ವಿಚಾರಣೆಯಿಲ್ಲ. ಹೊಸ ಕಕ್ಷಿಗಾರರಿಗೆಲ್ಲ ಅವನದೇ ಪಾಠ: “ದೊಡ್ಡ ಕೇಸು ಮುಂದೆ ಹೋಗ್ಬೇಕು ಕಣಪ್ಪ, ಚಿಕ್ಕದು ಕಾಯ್ತಾ ಕೂತಿರ್ಬೇಕು.” ಕಾಯ್ದೆ ಅವನಿಗೆ ಎಷ್ಟು ಬಾಯಿಪಾಠವೆಂದರೆ, ಸೆಕ್ಷನ್ ನಂಬರು ಮರೆತರೆ ವಕೀಲರೇ ಅವನ ಮುಖ ನೋಡುತ್ತಾರೆ. ಊರಿನಲ್ಲಿ ಅತ್ತಿಗೆಯೊಂದಿಗೆ ಮಾತಿಲ್ಲ. ಕೋರ್ಟಿನಲ್ಲಿ ಮಾತ್ರ, “ವದಿನಮ್ಮ, ಬಿಸಿಲೈತೆ, ಈ ಕಡೆ ಕೂತ್ಕೊ” ಎಂದು ಜಾಗ ಬಿಡುತ್ತಾನೆ. ಹೋದ ವಾಯಿದೆಯ ದಿನ ವಕೀಲರು ಅವನನ್ನು ಪಕ್ಕಕ್ಕೆ ಕರೆದು, “ಕೋಲಾರದ ತೀರ್ಪು ನಿನ್ನ ಕಡೆ ಆಗಿದೆ ಆವುಲಪ್ಪ. ನಕಲು ತಂದ್ಕೊಡು, ತಡೆ ತೆಗೆಸ್ತೀನಿ. ಯುಗಾದಿ ಹೊತ್ತಿಗೆ ತೋಟ ನಿಂದು” ಎಂದರು. ಆವುಲಪ್ಪ ಅತ್ತಿಗೆಯ ಕಡೆ ನೋಡಿದ. ಬೆಳಗ್ಗೆ ಅದೇ ತೋಟದ ಸೊಪ್ಪು ಕೊಯ್ದು ರೇಷ್ಮೆಹುಳಕ್ಕೆ ಹಾಕಿ ಓಡಿ ಬಂದವಳ ಸೆರಗಿನಲ್ಲಿ ಇನ್ನೂ ಎಲೆಯ ಚೂರು ಅಂಟಿತ್ತು. “ಆ ಹುಳ ಗೂಡು ಕಟ್ಲಿ ಸ್ವಾಮಿ, ಆಮೇಲೆ ನಕಲು ತರ್ತೀನಿ” ಎಂದ. “ಗೂಡು ಕಟ್ಟಿದ ಮೇಲೆ ತರ್ತೀಯಾ?” ಎಂದು ವಕೀಲರು ಕೇಳಿದರು. ಆವುಲಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಅಷ್ಟೊತ್ತಿಗೆ ಅವಳು ಇನ್ನೊಂದು ಸಲ ಹುಳದ ಮೊಟ್ಟೆ ತಂದಿರ್ತಾಳಲ್ಲ ಸ್ವಾಮಿ” ಎಂದ.