ಅಟ್ಟದ ಕಾಯಿಗೆ ನಾನು ಹಾಕಿದ ‘ಸರಿ’ ಗುರುತು

ತಿಪಟೂರಿನ ತೆಂಗು ಬೆಳೆಗಾರರ ಕಂಪನಿಯೊಂದು ಎಐ ಸಹಾಯವಾಣಿ ಶುರು ಮಾಡಲು ಹೊರಟಾಗ ನನ್ನನ್ನು ಕರೆದದ್ದು ಕನ್ನಡ ನೋಡುವುದಕ್ಕೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ವರ್ಷಗಟ್ಟಲೆ ಬೇರೆಯವರ ವರದಿ ತಿದ್ದಿದವನು ನಾನು. ರೈತರು ಫೋನಿನಲ್ಲಿ ಪ್ರಶ್ನೆ ಕಳಿಸಿದರೆ ಯಂತ್ರವೇ ವಾಕ್ಯ ಕಟ್ಟಿ, ಕಂಪನಿಯ ಹೆಸರಿನಲ್ಲಿ ಉತ್ತರ ಕೊಡುತ್ತದೆ. ಆ ವಾಕ್ಯ ನಮ್ಮವರಿಗೆ ಅರ್ಥವಾಗುವಂತಿದೆಯೇ ಎಂದು ನೋಡುವುದು ನನ್ನ ಕೆಲಸ.

ತಯಾರಿಯಲ್ಲಿ ಯಾರೂ ಸೋಮಾರಿತನ ಮಾಡಲಿಲ್ಲ. ಕಂಪನಿಯ ಮ್ಯಾನೇಜರ್ ಮೇಡಂ ಊರೂರು ಸುತ್ತಿ ಕರಪತ್ರ, ತರಬೇತಿಯ ಟಿಪ್ಪಣಿ, ರೋಗದ ಪುಸ್ತಿಕೆಗಳನ್ನು ತಂದು ಯಂತ್ರಕ್ಕೆ ಓದಿಸಿದರು. ಸದಸ್ಯರಿಂದ ಕೊಬ್ಬರಿ ಕೊಳ್ಳುವ ನಮ್ಮ ಕೌಂಟರಿನವರಿಗೆ ತರಬೇತಿಯಾಯಿತು. ಕೊನೆಯ ಎರಡು ವಾರ ಆಯ್ದ ಕೆಲವು ಸದಸ್ಯರಿಗೆ ಮಾತ್ರ ನಂಬರ್ ಕೊಟ್ಟು ಪರೀಕ್ಷೆ ನಡೆಸಿದೆವು. ಉತ್ತರ ಆ ಕ್ಷಣವೇ ಅವರಿಗೆ ಹೋಗುತ್ತಿತ್ತು; ಆಮೇಲೆ ಅವರ ಪ್ರಶ್ನೆ, ಯಂತ್ರದ ಉತ್ತರ ಎರಡೂ ಅಚ್ಚಾಗಿ ನನ್ನ ಮೇಜಿಗೆ ಬರುತ್ತಿದ್ದವು. ನಾನು ಪಕ್ಕದಲ್ಲಿ ‘ಸರಿ’ ಅಥವಾ ‘ತಪ್ಪು’ ಎಂದು ಬರೆಯಬೇಕು. ಗುರುವಾರ ಉದ್ಘಾಟನೆ. ಆಹ್ವಾನದ ಕಾರ್ಡು ಹಂಚಿಯಾಗಿತ್ತು.

ಸೋಮವಾರ ಬೆಳಿಗ್ಗೆ ಕೊಬ್ಬರಿ ವಿಂಗಡಿಸುವ ಹಿರಿಯರು ಯಾವುದೋ ರಸೀದಿ ಹುಡುಕಿಕೊಂಡು ನನ್ನ ಕೋಣೆಗೆ ಬಂದರು. ಗೋದಾಮಿನಲ್ಲೇ ತಲೆ ನರೆತವರು. ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಆಮೇಲೆ ಇನ್ನೊಂದು ಸಲ ಓದಿದರು.

‘ಇದುಕ್ಕೆ ಸರಿ ಅಂತ ಹಾಕಿರೋರು ಯಾರ್ ಸ್ವಾಮಿ?’

ನಾನೇ ಎಂದೆ.

ಪ್ರಶ್ನೆ ದಂಡಿನಶಿವರ ಕಡೆಯ ಹೆಂಗಸೊಬ್ಬರದು, ಶನಿವಾರ ಸಂಜೆಯದು. ಅಟ್ಟಕ್ಕೆ ಕಾಯಿ ಹಾಕಿ ಹತ್ತು ತಿಂಗಳಾಗಿದೆ, ಮಳೆಯಲ್ಲಿ ಸೂರು ಸೋರಿ ತೇವ ಬಂದಿದೆ, ಬೂಸಲು ಹಿಡಿಯುವ ಮುಂಚೆ ಏನು ಮಾಡಲಿ ಎಂದು ಕೇಳಿದ್ದರು. ಉತ್ತರ ಅಚ್ಚುಕಟ್ಟಾಗಿತ್ತು: ಕಾಯಿ ಇಳಿಸಿ, ಸುಲಿದು, ಎರಡು ಹೋಳು ಮಾಡಿ, ಐದಾರು ದಿನ ಬಿಸಿಲಿಗೆ ಒಣಗಿಸಿ. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಭಾನುವಾರ ಓದಿ ಗುರುತು ಹಾಕಿ ಮುಂದಿನ ಹಾಳೆಗೆ ಹೋಗಿದ್ದೆ.

ಅದು ಕರಾವಳಿಯವರ ಪದ್ಧತಿ. ನಮ್ಮಲ್ಲಿ ಒಣಗಿಸಲು ಕಾಯಿ ಒಡೆಯುವುದಿಲ್ಲ. ಸಿಪ್ಪೆಸಮೇತ ಅಟ್ಟದ ಮೇಲೆ ವರ್ಷದ ಹತ್ತಿರ ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಮಾತ್ರ ಇಳಿಸಿ, ಚಿಪ್ಪು ಒಡೆದು ಕೊಬ್ಬರಿಯ ಇಡೀ ಉಂಡೆ ತೆಗೆಯುವುದು. ಇಲ್ಲಿಯ ಮಾರುಕಟ್ಟೆಗೆ ಬೇಕಾದದ್ದು ಉಂಡೆ. ಹೋಳಾದರೆ ಕೇಳುವವರಿಲ್ಲ.

ಇದು ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅಟ್ಟದ ಕೆಳಗೇ ಮಲಗಿ ಬೆಳೆದ ನನಗೂ ಗೊತ್ತು. ಗೊತ್ತಿದ್ದದ್ದರಿಂದಲೇ ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ನಾವು ಯಂತ್ರಕ್ಕೆ ಓದಿಸಿದ ಒಂದು ಕಾಗದದಲ್ಲೂ ಅಟ್ಟ ಎಂಬ ಮಾತಿರಲಿಲ್ಲ. ಪರೀಕ್ಷೆಗೆಂದು ನಾವೇ ಬರೆದುಕೊಂಡ ಪ್ರಶ್ನೆಗಳೆಲ್ಲ ನುಸಿರೋಗ, ಕಾಂಡ ಸೋರುವ ರೋಗ, ಗೊಬ್ಬರ. ಅಟ್ಟದ ವಿಷಯ ಕೇಳಲು ಯಾರಿಗೂ ಹೊಳೆದಿರಲಿಲ್ಲ.

ಆಕೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮೂರು ಸಲ ಹೀಗೇ ಆಯಿತು. ಹಿರಿಯರು ಆಗಲೇ ಚಪ್ಪಲಿ ಮೆಟ್ಟಿ ನನ್ನ ಸ್ಕೂಟರಿನ ಪಕ್ಕ ನಿಂತಿದ್ದರು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ಶನಿವಾರ ಸಂಜೆ ಉತ್ತರ ಹೋಗಿದೆ, ಭಾನುವಾರ ಪೂರ್ತಿ ಬಿಸಿಲಿತ್ತು. ಮನೆಮಂದಿಯೆಲ್ಲ ಕೂತರೆ ಒಂದು ಅಟ್ಟ ಖಾಲಿ ಮಾಡಲು ಎಷ್ಟು ಹೊತ್ತು? ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತಿದ್ದೆವು. ಒಡೆದ ಕಾಯಿಗೆ ಅದಿಲ್ಲ.

ಮನೆಯ ಮುಂದೆ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಅಂಗಳದಲ್ಲಿ ಗೋಣಿತಾಟಿನ ಮೇಲೆ ಬಿಳಿಯ ಹೋಳುಗಳು ಬಿಸಿಲಿಗೆ ಬಾಯಿ ತೆರೆದು ಮಲಗಿದ್ದವು. ಆಕೆ ಮಚ್ಚು ಹಿಡಿದು ಕೂತಿದ್ದರು, ಫೋನು ಒಳಗೆಲ್ಲೋ ಚಾರ್ಜಿಗಿತ್ತು. ನಿಲ್ಲಿಸಿ ಎಂದೆ. ಕಂಪನಿಯ ಉತ್ತರ ತಪ್ಪಾಗಿದೆ ಎಂದೆ.

ಅಲ್ಲಾಡಿಸಿ ನೋಡಲಿಲ್ಲವೇನಮ್ಮ ಎಂದು ಹಿರಿಯರು ಮೆಲ್ಲಗೆ ಕೇಳಿದರು.

‘ನೋಡ್ದೆ ಕಣಣ್ಣ. ಒಂದೂ ಗಡಗಡ ಅಂತ ಉಲೀಲಿಲ್ಲ. ಒಡೆಯಾಕೆ ಮನಸೇ ಬರ್ಲಿಲ್ಲ’ ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿದರು. ‘ಕಂಪ್ನಿಯೋರೇ ಹೇಳವ್ರೆ ಅಂದ್ಮೇಲೆ ಈ ಸಲ ಹೋಳೇ ತಗೊತಾರೇನೋ ಅಂದ್ಕಂಡೆ. ಕಾಯಿ ತಗೊಳೋರು ನೀವೇ ಅಲ್ವಾ?’

ಹಿರಿಯರು ಏಣಿ ಹತ್ತಿ ಅಟ್ಟ ನೋಡಿದರು. ಅರ್ಧಕ್ಕಿಂತ ಹೆಚ್ಚು ಕಾಯಿ ಇನ್ನೂ ಮೇಲೇ ಇದ್ದವು. ಸೂರು ಸೋರಿದ ಮೂಲೆಯವನ್ನು ಬೇರೆ ಮಾಡಿ, ಉಳಿದವನ್ನು ಗಾಳಿಯಾಡುವಂತೆ ಹರಡಿ, ಕೆಳಗೆ ಸಣ್ಣಗೆ ಹೊಗೆ ಹಾಕಲು ಹೇಳಿದರು. ಇಳಿಸಿದ್ದ ಆದರೆ ಸುಲಿಯದ ಕಾಯಿಗಳನ್ನು ನಾವು ಮೂವರೂ ಸೇರಿ ಮತ್ತೆ ಮೇಲೆ ಹಾಕಿದೆವು. ಹಾಕುವ ಮುಂಚೆ ನಾನು ಪ್ರತಿಯೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದೆ.

ಹೊರಡುವಾಗ ಆಕೆ, ಆ ನಂಬರಿಗೆ ಇನ್ನು ಮೇಲೆ ಕೇಳಬಹುದೋ ಬೇಡವೋ ಎಂದರು. ಸದ್ಯಕ್ಕೆ ಬೇಡ ಎಂದೆ. ಆಕೆ ಒಂದು ಕವರಿನ ತುಂಬ ಹೋಳು ತುಂಬಿ ಕೈಗಿಟ್ಟರು. ‘ತಗೊಂಡೋಗಿ ಸ್ವಾಮಿ, ಚಟ್ನಿಗಾದ್ರೂ ಆಯ್ತದೆ.’ ಕುಹಕವೇನೂ ಇರಲಿಲ್ಲ. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಕೊಟ್ಟದ್ದು.

ಮಧ್ಯಾಹ್ನ ಮ್ಯಾನೇಜರ್ ಮೇಡಂ ಗುರುವಾರದ ಶಾಮಿಯಾನದವನೊಡನೆ ಫೋನಿನಲ್ಲಿದ್ದರು. ನಾನು ಕವರನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನನ್ನ ‘ಸರಿ’ ಗುರುತಿದ್ದ ಹಾಳೆ ಇಟ್ಟೆ. ಅವರು ಓದಿದರು. ಒಂದು ಹೋಳು ತೆಗೆದು ಉಗುರಿನಿಂದ ಒತ್ತಿದರು. ಉಗುರು ಒಳಗೆ ಇಳಿಯಿತು, ತೇವ ಜಿನುಗಿತು. ಅವರೂ ಅಟ್ಟದ ಕೊಬ್ಬರಿಯ ಸೀಮೆಯಾದ ಚಿಕ್ಕನಾಯಕನಹಳ್ಳಿ ಕಡೆಯವರು, ಬಿಡಿಸಿ ಹೇಳಬೇಕಾಗಲಿಲ್ಲ.

‘ಎಷ್ಟು ಹೋಯ್ತು?’

ಅರ್ಧಕ್ಕೆ ಸ್ವಲ್ಪ ಕಡಿಮೆ ಎಂದೆ.

ಅವರು ಫೋನನ್ನು ಮತ್ತೆ ಕಿವಿಗಿಟ್ಟು, ಗುರುವಾರ ಶಾಮಿಯಾನ ಬೇಡ ಕಣಪ್ಪ ಎಂದರು. ಆ ಕಡೆಯವನು ಮುಂದಿನ ತಾರೀಖು ಕೇಳಿರಬೇಕು. ಅವರು ನನ್ನ ಮುಖ ನೋಡಿದರು. ನಾನು ಆಗಲೇ ಖಾಲಿ ಹಾಳೆ ತೆಗೆದುಕೊಂಡು ಗೋದಾಮಿನ ಕಡೆ ಹೊರಟಿದ್ದೆ, ಹಿರಿಯರ ಎದುರು ಕೂತು ಎಲ್ಲರಿಗೂ ಗೊತ್ತಿರುವುದನ್ನು ಮೊದಲಿನಿಂದ ಬರೆದುಕೊಳ್ಳಲು.