ಚಿಲಕವಿಲ್ಲದ ಬಾಗಿಲು

ಆನೆಗೊಂದಿಯಲ್ಲಿ ನೆಲೆಸಲು ಬಂದ ಇಂಗ್ಲೆಂಡಿನ ಅಜ್ಜಿಗೆ ನನ್ನ ನೆರೆಮನೆಯ ಹುಸೇನಬಿ ಬಾಡಿಗೆಗೆ ಕೊಡಲಿಟ್ಟ ತನ್ನ ಇನ್ನೊಂದು ಮನೆ ತೋರಿಸುತ್ತಿದ್ದಳು. ಅವರಿಬ್ಬರ ನಡುವೆ ನಾನೇ ದುಭಾಷಿ.

“ಊರಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಯಾರೂ ಇಲ್ಲದಾಗಲೂ ಈ ಬಾಗಿಲು ತೆರೆದೇ ಇರುತ್ತದೆ. ಇಷ್ಟು ನಂಬಿಕೆಯ ದೇಶ! ಇಲ್ಲೇ ಉಳಿಯುತ್ತೇನೆ,” ಎಂದರು ಅಜ್ಜಿ.

ಅದನ್ನು ಕನ್ನಡದಲ್ಲಿ ಹೇಳಿದೆ. ಹುಸೇನಬಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಚಿಲಕ ಮುರದೈತ್ರಿ ಟೀಚರ್ರ. ಹೇಳಬ್ಯಾಡ್ರಿ, ಮನಿ ವರ್ಷದಿಂದ ಖಾಲಿ ಐತಿ.”

ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಿರೆಂದವಳು ನಾನು, ಹೇಳಿಬಿಟ್ಟೆ.

ಅಜ್ಜಿ ಬಾಗಿಲು ಹಿಡಿದುಕೊಂಡು ನಕ್ಕರು. ಹುಸೇನಬಿ ಸೆರಗು ಬಾಯಿಗಿಟ್ಟು ನಕ್ಕಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೊದಲ ಸಲ ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

“ನಿಜ ಹೇಳುವ ನೆರೆಯವರಿದ್ದಾರಲ್ಲ, ಚಿಲಕ ಬೇಡ,” ಎಂದು ಅಜ್ಜಿ ಮನೆ ಹಿಡಿದೇಬಿಟ್ಟರು.

ಮರುದಿನ ಬೆಳಿಗ್ಗೆ ಆಡೊಂದು ಒಳಹೊಕ್ಕು ಅವರ ಹುಲ್ಲಿನ ಟೋಪಿ ತಿಂದಿತು. ಮಧ್ಯಾಹ್ನಕ್ಕೆ ಚಿಲಕ ಬಂತು. ಅಜ್ಜಿ ಮಾತ್ರ ಮನೆ ಬಿಟ್ಟು ಹೋಗಲಿಲ್ಲ.