ಧೂಪ ಉಂಡ ರೇಡಿಯೋ

ಶುಕ್ರವಾರ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುತ್ತಿದ್ದೆ. ಹೊಗೆ ಏಳುವ ಹೊತ್ತಿಗೆ ಬಂಗಾರಪೇಟೆಯಿಂದ ಫೋನು. ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವ ತೀರಿಕೊಂಡರೆಂದು ಅವರ ಮಗಳು ಹೇಳಿದಳು. "ನಿದ್ದೇಲೇ ಓದ್ರಕ್ಕ, ಒಂಚೂರೂ ನರಳಲಿಲ್ಲ." ಅಷ್ಟಾದರೂ ದೇವರು ಕೊಟ್ಟನಲ್ಲ... ಆದರೆ ಆ ವಾಸನೆಗೆ ನನಗೆ ಅಳುವಿಗಿಂತ ಮೊದಲು ನಗು ಬಂತು.

ನೆಂಟರಲ್ಲ, ಆದರೂ ಅವರು ನಮಗೆ ಮಾವ, ಅವರ ಹೆಂಡತಿ ಅತ್ತೆ. ಮಾವನಿಗೆ ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು. ತಮ್ಮ ಮಾತು ದೂರಕ್ಕೆ ಮುಟ್ಟಲೆಂದು ಹಳೆಕಾಲದ ಗಾಜಿನ ವಾಲ್ವ್ ಹಾಕಿದ ಆಂಪ್ಲಿಫೈಯರ್ ಪೆಟ್ಟಿಗೆಯೊಂದನ್ನು ತಾವೇ ಕಟ್ಟಿದ್ದರು. ಶುಕ್ರವಾರ ಸಂಜೆ ಅವರ ಹಳೆಯ ಗೆಳೆಯರೊಬ್ಬರು ಅದರಲ್ಲಿ ಸಿಗುತ್ತಿದ್ದರು. ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದ ಅವರಿಗೆ ವಾರವೆಲ್ಲ ಕಾಯಲು ಇದ್ದದ್ದು ಆ ಮಾತೊಂದೇ.

ಒಮ್ಮೆ ಆ ಪೆಟ್ಟಿಗೆ ಕೈಕೊಟ್ಟಿತು. ಶುಕ್ರವಾರ ಬಂದರೆ ಒಳಗೆ ಚಟ್ ಎಂದು ಕಿಡಿ, ಫ್ಯೂಸು ಢಮಾರ್. ಬೇರೆ ದಿನ ನೋಡಿದರೆ ಏನೂ ಇಲ್ಲ. ಮಾವ ವಾಲ್ವ್ ಬದಲಿಸಿದರು, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದರು. ಅತ್ತೆ ದೃಷ್ಟಿಯಾಗಿದೆಯೆಂದು ಧೂಪ ಹೆಚ್ಚಿಸಿದರು. ಅದು ಇನ್ನಷ್ಟು ಕೆಟ್ಟಿತು. ಗೆಳೆಯರು "ಇದ್ಯೇನಲಾ?" ಎಂದು ಕರೆಯುವುದು ಕೇಳುವ ರೇಡಿಯೋದಲ್ಲಿ ಬರುತ್ತಿತ್ತು, ಪೆಟ್ಟಿಗೆ ಕೆಟ್ಟಿದ್ದರಿಂದ ಇವರ ಉತ್ತರ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮಾವ ಕಿವಿ ಕೊಟ್ಟು ಕೂತಿರುತ್ತಿದ್ದರು...

ಕೊನೆಗೊಂದು ದಿನ ನಮ್ಮ ಅಡುಗೆಮನೆ ಬಾಗಿಲಿಗೆ ಬಂದರು. "ಅಮ್ಮಣ್ಣಿ, ಶುಕ್ರವಾರ ನಮ್ಮನೇಲಿ ಏನೇನು ನಡೀತದೆ, ಒಂದೂ ಬಿಡದಂಗೆ ಏಳು."

"ಸಾರ್ಸೋದು, ದೀಪ, ಧೂಪ. ಅತ್ತೆ ಬಾಗ್ಲಿಗೆ, ಒಲೆಗೆ, ಅಕ್ಕಿ ಡಬ್ಬಕ್ಕೆ ತೋರಿಸಿ, ಕೊನೆಗೆ ನಿಮ್ಮ ಪೆಟ್ಟಿಗೆ ಇಂದೆ ಇಡ್ತಾರೆ. ಅದ್ರೊಳಗಿನ ಫ್ಯಾನು ಒಗೆ ಎಳ್ಕೊಂತದಲ್ಲ, 'ನೋಡು, ಸ್ವಾಮಿ ಒಪ್ಕೊಂಡ' ಅಂತಾರೆ."

ಮಾವ ನನ್ನನ್ನೂ ಕರೆದುಕೊಂಡು ಮನೆಗೆ ಓಡಿದರು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟನ್ನು ತಂತಿ ಕಟ್ಟಿದ ಕೋಲಿನಿಂದ ನೆಲಕ್ಕಿಳಿಸಿ, ಕರೆಂಟು ಅಡ್ಡ ಹರಿಯದಂತೆ ತಡೆಯುವ ಪಿಂಗಾಣಿಯ ತುಂಡುಗಳನ್ನು ಬಿಳಿ ಬಟ್ಟೆಯಿಂದ ಒರೆಸಿದರು. ಬಟ್ಟೆ ಕಂದಾಗಿ ಅಂಟಂಟಾಯಿತು. ನನ್ನ ಮೂಗಿಗೆ ಹಿಡಿದರು. ಅಪ್ಪಟ ಸಾಂಬ್ರಾಣಿ. ಹಳೆಯ ಜಿಡ್ಡಿನ ಮೇಲೆ ಹೊಸ ಹೊಗೆ ಕೂತಾಗಲೆಲ್ಲ ಕರೆಂಟು ಅದರ ಮೇಲೆ ದಾರಿ ಮಾಡಿಕೊಳ್ಳುತ್ತಿತ್ತಂತೆ.

ಅತ್ತೆ ಸೆರಗು ಬಾಯಿಗಿಟ್ಟು, "ಅಯ್ಯೋ, ನಾನೇ ನಿಮ್ಮ ಗೆಳೆಯರ ಮಾತು ಕಿತ್ಕೊಂಡ್ನಾ?" ಅಂದರು.

"ಇಲ್ಲ ಕಣೆ. ನಿನ್ನ ಸ್ವಾಮಿ ಚೆನ್ನಾಗೇ ಉಂಡವ್ನೆ, ಅರಗಿಲ್ಲ ಅಷ್ಟೇಯ."

ಮುಂದಿನ ಶುಕ್ರವಾರ ಅತ್ತೆ ಹೊಸ್ತಿಲಲ್ಲೇ ನಿಂತು ಧೂಪ ತೋರಿಸಿದರು. ಮಾವ ಮಾತಾಡಿದರು. ಅತ್ತಲಿಂದ ಗೆಳೆಯರ ದನಿ ಬಂತು: "ಸತ್ತೋದೆ ಅನ್ಕೊಂಡಿದ್ನಲ್ಲೋ ನನ್ಮಗನೆ." ಮಾವ ಕಣ್ಣೊರೆಸಿಕೊಂಡು ಬೈದರು. ಅತ್ತೆ ಕೈಮುಗಿದರು. ಆ ಗೆಳೆಯರು ಇನ್ನೊಂದು ಮಳೆಗಾಲ ಬದುಕಿದ್ದರು. ಅಷ್ಟೂ ಶುಕ್ರವಾರ ಮಾತು ತಪ್ಪಲಿಲ್ಲ.

ಮಾವ ಮಾತಾಡುವಾಗ ನಮ್ಮ ಗ್ರೈಂಡರಿನ ಸದ್ದು ಅವರ ರೇಡಿಯೋದಲ್ಲಿ ಗರಗರ ಎನ್ನುತ್ತಿತ್ತು. ಹಾಗಾಗಿ ಗೋಡೆಯ ಮೇಲಿಂದ "ಮಾವ, ಆಯ್ತಾ?" ಎಂದು ಕೇಳಿಯೇ ಹಾಕುತ್ತಿದ್ದೆ. ಅವರು ಮಗಳ ಮನೆಗೆ ಹೋಗಿ ವರ್ಷಗಳಾದರೂ ಗ್ರೈಂಡರ್ ಹಾಕುವ ಮುನ್ನ ಕೈ ಇನ್ನೂ ಒಂದು ಗಳಿಗೆ ತಡೆಯುತ್ತದೆ. ಇವತ್ತು ಇನ್ನೂ ಸ್ವಲ್ಪ ಹೆಚ್ಚೇ ತಡೆಯಿತು. ಆಮೇಲೆ ನೆನೆದ ಉದ್ದು ಸುರಿದು, ಸ್ವಿಚ್ ಒತ್ತಿದೆ.